ಗ್ಯಾರೇಜ್ ಸೇಲ್‌ನ ಗಾಜಿನ ಇನ್ಸುಲೇಟರ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಾವು ಇಂಡಿಯಾನಾಪೊಲಿಸ್‌ನಲ್ಲಿದ್ದೇವೆ. ಹೋದ ಶನಿವಾರ, ಮನೆಯವರೇ ಹಳೇ ಸಾಮಾನು ಮಾರುವ ಹತ್ತಿರದ ಗ್ಯಾರೇಜ್ ಸೇಲ್‌ನಲ್ಲಿ, ಮಗ ಹಟ ಹಿಡಿದನೆಂದು, ಹಳೇ ತಂತಿ ಕಂಬದ ನೀಲಿ ಗಾಜಿನ ಇನ್ಸುಲೇಟರ್ (ತಂತಿಯ ಕರೆಂಟು ಕಂಬಕ್ಕೆ ಇಳಿಯದಂತೆ ತಡೆಯುವ ಟೊಪ್ಪಿಗೆ) ಒಂದನ್ನು 2 ಡಾಲರ್ ಕೊಟ್ಟು ತಂದೆವು. ಅದರ ಮೇಲೆ ‘ಹೆಮಿಂಗ್ರೇ-42’ ಎಂದಿದೆ. ಮುಂದಿನ ಮನೆಯಲ್ಲಿ ಅದೇ ಹೆಸರಿನದು ಕಡು ನೇರಳೆ ಬಣ್ಣದಲ್ಲಿತ್ತು, ಸಣ್ಣಕ್ಷರದಲ್ಲಿ 25-46 ಎಂದೂ ಪಕ್ಕದಲ್ಲಿ ಎರಡು ಚುಕ್ಕೆಯೂ ಇದ್ದವು. ‘ಅಪರೂಪದ್ದು’ ಎಂದು 60 ಡಾಲರ್ ಹೇಳುತ್ತಿದ್ದಾರೆ, ಮುಂದಿನ ವಾರದವರೆಗೆ ತೆಗೆದಿಡುತ್ತಾರಂತೆ. ಮೊದಲನೇ ಮನೆಯ ಬಕೆಟ್‌ನಲ್ಲಿ ಇನ್ನೊಂದು ಇತ್ತು: ಹೆಸರಿಲ್ಲ, ಮೈತುಂಬ ಗುಳ್ಳೆ, ಸೊಟ್ಟ, ತೂತಿನೊಳಗೆ ತಿರುಪಿನ ಗೀರೂ ಇಲ್ಲ. ಹಾಳಾದ ಮಾಲು ಎಂದು ಬಿಟ್ಟುಬಂದೆವು. ನೇರಳೆಯದನ್ನು ಕೊಳ್ಳಬಹುದೇ? ಇಂಥವನ್ನು ಹುಡುಕುವುದು ಹೇಗೆ? ಮಗ ತಾತನಿಗೆ ಮೈಸೂರಿಗೂ ಎರಡು ಒಯ್ಯಬೇಕು ಅನ್ನುತ್ತಿದ್ದಾನೆ.

ಉತ್ತರ: ನೇರಳೆ ಇರಲಿ, ಮೊದಲು ಆ ಬಕೆಟ್ ಇದ್ದ ಮನೆಗೆ ವಾಪಸ್ ಹೋಗಿ. ಸೇಲ್ ಮುಗಿದಿದ್ದರೂ ಬಾಗಿಲು ತಟ್ಟಿ ಕೇಳುವುದರಲ್ಲಿ ತಪ್ಪೇನಿಲ್ಲ. ಮಾರಾಟವಾಗದೆ ಉಳಿದದ್ದನ್ನು ಸೋಮವಾರದ ಹೊತ್ತಿಗೆ ಗುಡ್‌ವಿಲ್ ಎಂಬ ದಾನದ ಅಂಗಡಿಗೋ ಕಸದ ಗಾಡಿಗೋ ಹಾಕುವುದು ಇಲ್ಲಿನವರ ರೂಢಿ. ನೀವು ವರ್ಣಿಸಿದ ಮೂರರಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಅದೊಂದೇ.

ಏಕೆಂದರೆ, ಅಮೆರಿಕದ ಇನ್ಸುಲೇಟರ್‌ಗಳನ್ನು ಎರಡು ಕಾಲಕ್ಕೆ ಸೀಳುವ ಗೆರೆ ಇರುವುದು ಆ ತೂತಿನೊಳಗೇ. 1844ರಲ್ಲಿ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಡುವೆ ಮೋರ್ಸ್‌ನ ಟೆಲಿಗ್ರಾಫ್ ತಂತಿ ಓಡಿದ ಮೇಲೆ ಎರಡು ದಶಕ ಕಾಲ ಗಾಜಿನ ಟೊಪ್ಪಿಗೆಯನ್ನು ಮರದ ಗೂಟದ ಮೇಲೆ ಸುಮ್ಮನೆ ಒತ್ತಿ ಕೂರಿಸುತ್ತಿದ್ದರು, ಬಿಗಿಯಾಗಲೆಂದು ನಡುವೆ ಟಾರು ಹಚ್ಚಿದ ಬಟ್ಟೆಯನ್ನೋ ಮತ್ತೊಂದನ್ನೋ ತುರುಕುತ್ತಿದ್ದರು. ಚಳಿಗಾಲದಲ್ಲಿ ಮರ ಕುಗ್ಗುತ್ತದೆ, ತಂತಿಯ ಮೇಲೆ ಹಿಮ ಕಟ್ಟುತ್ತದೆ, ಗಾಳಿ ಎಳೆಯುತ್ತದೆ. ಟೊಪ್ಪಿಗೆ ಕಿತ್ತು ಬರುತ್ತಿತ್ತು. 1865ರ ಜುಲೈ 25ರಂದು ಲೂಯಿಸ್ ಕಾವೆಟ್ ಎಂಬಾತನಿಗೆ ಒಂದು ಪೇಟೆಂಟ್ ಸಿಕ್ಕಿತು. ಗಾಜಿನೊಳಗೇ ತಿರುಪಿನ ಥ್ರೆಡ್ ಅಚ್ಚೊತ್ತುವುದು, ಗೂಟಕ್ಕೂ ಅಂಥದ್ದೇ ಥ್ರೆಡ್ ಕೊರೆಯುವುದು, ನಲ್ಲಿಯ ಹಾಗೆ ತಿರುಗಿಸಿ ಬಿಗಿಯುವುದು. ಅಲ್ಲಿಂದ ಮುಂದೆ ಥ್ರೆಡ್ ಇಲ್ಲದವು ಬೇಗ ಹಿಂದೆ ಸರಿದವು. ಸಂಗ್ರಾಹಕರು ಹಗಲಿರುಳು ಹುಡುಕುವುದು ಆ ಹಳೇ ತಲೆಮಾರನ್ನೇ. ಅದರಲ್ಲಿ ಸಾಧಾರಣ ಎನಿಸಿಕೊಂಡವಕ್ಕೂ ಹತ್ತಾರು, ನೂರಾರು ಡಾಲರ್ ಬೆಲೆ ಇದೆ. ನಿಜಕ್ಕೂ ಅಪರೂಪದವು ಸಾವಿರಗಳಿಗೆ ಹೋಗುತ್ತವೆ.

ಹಾಗಂತ ಈಗಲೇ ಕನಸು ಕಟ್ಟಬೇಡಿ. ತೂತಿದ್ದು ಥ್ರೆಡ್ ಇಲ್ಲದ ದಪ್ಪ ಗಾಜೆಲ್ಲ ಇನ್ಸುಲೇಟರ್ ಅಲ್ಲ. ಮನೆ ಮಾಡಿನ ಸಿಡಿಲು ಕಂಬಿಗೆ ಪೋಣಿಸುತ್ತಿದ್ದ ಗಾಜಿನ ಗುಂಡುಗಳಿವೆ (ಅವನ್ನು ಸಂಗ್ರಹಿಸುವವರೇ ಬೇರೆ ಇದ್ದಾರೆ), ಬ್ಯಾಟರಿ ಪೆಟ್ಟಿಗೆಯ ಕೆಳಗಿಡುತ್ತಿದ್ದ ಗಾಜಿನ ಕಾಲುಗಳಿವೆ, ಮಂಚ, ಪಿಯಾನೊಗಳ ಕಾಲಡಿಗೆ ಇಡುವ ಬಟ್ಟಲುಗಳಿವೆ. ಇನ್ಸುಲೇಟರ್ ಆದರೆ ಹೊರಮೈಯಲ್ಲಿ ತಂತಿ ಕಟ್ಟಲು ಸುತ್ತಲೂ ಒಂದು ಕಚ್ಚು ಇರಬೇಕು. ತೂತು ಆಚೆಯಿಂದೀಚೆಗೆ ಹೋಗಿರಬಾರದು, ಒಳಗೇ ಮುಗಿಯಬೇಕು. ಒಳಗೆ ಬೆರಳು ಹಾಕಿ ನೋಡಿ: ಅಚ್ಚಿನಿಂದ ಬಂದ ನುಣುಪು ಇದ್ದರೆ ಒಳ್ಳೆಯ ಲಕ್ಷಣ. ಮಂಜು ಹಿಡಿದ ಹಾಗೆ ಮಂಕಾಗಿ ತರಿತರಿಯಾಗಿದ್ದರೆ ಯಾರೋ ಥ್ರೆಡ್ ಉಜ್ಜಿ ತೆಗೆದಿದ್ದಾರೆ. ಬೆಲೆ ಏರಿಸಲು ಹಾಗೆ ಮಾಡುವವರೂ ಇದ್ದಾರೆ. ಗುಳ್ಳೆ, ಸೊಟ್ಟ ಮೈ, ನೆತ್ತಿಯ ಮೇಲೆ ಆಚೀಚೆ ಹಾದುಹೋದ ಅಚ್ಚಿನ ಗೆರೆ, ಇವು ಮೂರೂ ಹಳೆಯ ಕೆಲಸದ ಗುರುತು. ಅದು ಕೈಗೆ ಬಂದರೆ ಉಜ್ಜಲು ಹೋಗಬೇಡಿ. ಅದು ಏನೆಂದು ಗುರುತಿಸಲು ಮೂರು ಚಿತ್ರ ಸಾಕು: ಪಕ್ಕದಿಂದ ಒಂದು, ತಳದಿಂದ ಒಂದು, ಕಿಟಕಿಯ ಬೆಳಕಿಗೆ ಹಿಡಿದು ಒಂದು. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ.

ಇನ್ನು ನೀವು ಕೊಂಡ ಹೆಮಿಂಗ್ರೇ-42. 2 ಡಾಲರ್ ಸರಿಯಾದ ಬೆಲೆ, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಇದು ಅಮೆರಿಕದ ಅತಿ ಸಾಮಾನ್ಯ ಇನ್ಸುಲೇಟರ್. ನೀವು ಇಂಡಿಯಾನಾದಲ್ಲಿದ್ದೀರಿ, ಅಂದರೆ ಇದರ ತವರಿನಲ್ಲೇ ಇದ್ದೀರಿ. ಹೆಮಿಂಗ್ರೇ ಕಂಪನಿ ಸಿನ್ಸಿನಾಟಿಯಲ್ಲಿ ಶುರುವಾಗಿ, ಓಹಾಯೋ ನದಿ ದಾಟಿ ಕೆಂಟಕಿಯ ಕವಿಂಗ್ಟನ್‌ನಲ್ಲಿ ಬೆಳೆಯಿತು. 1880ರ ದಶಕದಲ್ಲಿ ಇಂಡಿಯಾನಾದ ಮನ್ಸಿ ಸುತ್ತಮುತ್ತ ನೆಲದಡಿ ನೈಸರ್ಗಿಕ ಅನಿಲ ಸಿಕ್ಕಿತು. ಕುಲುಮೆ ಹಗಲೂ ರಾತ್ರಿ ಉರಿಯಬೇಕಾದ ಗಾಜಿನವರಿಗೆ ಇದಕ್ಕಿಂತ ಇನ್ನೇನು ಬೇಕು? ಊರಿನವರೂ ಕೈಬೀಸಿ ಕರೆದರು. ಉಪ್ಪಿನಕಾಯಿ ಜಾಡಿಗಳಿಂದ ಮನೆಮಾತಾದ ಬಾಲ್ ಸಹೋದರರು ಬಂದದ್ದೂ ಆ ಗ್ಯಾಸಿನ ಆಸೆಗೇ, 1888ರಲ್ಲಿ ಹೆಮಿಂಗ್ರೇ ಅಲ್ಲಿ ಕುಲುಮೆ ಹೂಡಿದ್ದೂ ಅದಕ್ಕೇ. 1933ರಲ್ಲಿ ಓವೆನ್ಸ್-ಇಲಿನಾಯ್ ಕಂಪನಿ ಇದನ್ನು ಕೊಂಡರೂ ಹೆಮಿಂಗ್ರೇ ಹೆಸರಿನಲ್ಲೇ ಇನ್ಸುಲೇಟರ್‌ಗಳು 1960ರ ದಶಕದವರೆಗೂ ಬಂದವು. ನಿಮ್ಮ ಮನೆಯಿಂದ ಮನ್ಸಿಗೆ ಕಾರಿನಲ್ಲಿ ಒಂದು ಗಂಟೆ ದಾರಿ. ಹಾಗಾಗಿ ನಿಮ್ಮ ಕಡೆಯ ಗ್ಯಾರೇಜ್‌ಗಳಲ್ಲಿ 42 ಸಿಗದಿದ್ದರೇ ಆಶ್ಚರ್ಯ.

ಈ ಸಾಮಾನ್ಯ ತುಂಡನ್ನು ತಾತ್ಸಾರ ಮಾಡಬೇಡಿ. ನಿಮ್ಮ ಮಗ ಅದನ್ನು ಬಾಯಿಪಾಠ ಮಾಡಿದ ಹಾಗೆ ನೋಡಲಿ. ಸುಮಾರು ನಾಲ್ಕು ಇಂಚು ಎತ್ತರ, ಕೈಗೆ ಅರ್ಧ ಕಿಲೋದಷ್ಟು ಭಾರ. ಮೇಲೆ ದುಂಡನೆಯ ನೆತ್ತಿ, ಅದರ ಕೆಳಗೆ ಅಗಲವಾದ ಕಚ್ಚು, ಆಮೇಲೆ ಲಂಗದ ಹಾಗೆ ಇಳಿಯುವ ಸ್ಕರ್ಟ್. ತಲೆಕೆಳಗು ಮಾಡಿದರೆ ಒಂದರೊಳಗೊಂದು ಎರಡು ಉಂಗುರ ಕಾಣುತ್ತವೆ: ಹೊರಗಿನದು ಮಳೆಗೆ ಒಡ್ಡಿಕೊಳ್ಳುತ್ತದೆ, ಒಳಗಿನದು ಒಣಗಿಯೇ ಇರುತ್ತದೆ, ಕರೆಂಟು ಒದ್ದೆ ಮೈ ಹಿಡಿದು ಗೂಟಕ್ಕೆ ಇಳಿಯದ ಹಾಗೆ. ಗೂಟದ ತೂತಿಗೆ ಒಂದು ಇಂಚು ಅಳತೆ, ಇಂಚಿಗೆ ನಾಲ್ಕು ಥ್ರೆಡ್. ದೇಶದುದ್ದಕ್ಕೂ ಇದೇ ಪದ್ಧತಿ ಇದ್ದದ್ದರಿಂದ ಯಾವ ಕಂಪನಿಯ ಗಾಜನ್ನು ಯಾವ ಕಂಬಕ್ಕಾದರೂ ತಿರುಗಿಸಬಹುದಿತ್ತು. ತಳದ ಅಂಚಿನ ಸುತ್ತ ಪುಟ್ಟ ಮೊನೆಗಳ ಸಾಲು ಇರಬಹುದು. ನೀರು ಅಂಚಿಗೆ ಅಂಟದೆ ಹನಿಯಾಗಿ ಉದುರಲಿ ಎಂದು ಹೆಮಿಂಗ್ರೇಯವರು 1893ರ ಮೇ 2ರಂದು ಪೇಟೆಂಟ್ ಪಡೆದ ಉಪಾಯ ಅದು. ಮೊದಮೊದಲು ಮೊನೆಗಳು ಚೂಪಾಗಿದ್ದವು, ಆಮೇಲೆ ದುಂಡಾದವು, ಕೊನೆಗೆ ಮೊನೆ ಹೋಗಿ ಗೀರುಗೀರಿನ ತಳ ಬಂತು.

ಆ 1893 ಎಂಬ ಅಂಕಿಯಿಂದ ಎಷ್ಟು ಜನ ದುಡ್ಡು ಕಳೆದುಕೊಂಡಿದ್ದಾರೋ! ‘ಪೇಟೆಂಟ್ ಮೇ 2 1893’ ಎಂಬ ಉಬ್ಬಕ್ಷರ ಕಂಡ ಕೂಡಲೇ ಮಾರುವವರು 130 ವರ್ಷ ಹಳೆಯದು ಎಂದು ಚೀಟಿ ಅಂಟಿಸುತ್ತಾರೆ. ಅದು ಪೇಟೆಂಟ್ ಸಿಕ್ಕ ದಿನ, ಗಾಜು ಹುಟ್ಟಿದ ದಿನವಲ್ಲ. ಅದೇ ತಾರೀಖನ್ನು ವರ್ಷಾನುಗಟ್ಟಲೆ ಅಚ್ಚೊತ್ತುತ್ತಲೇ ಇದ್ದರು. ಬ್ರೂಕ್‌ಫೀಲ್ಡ್ ಕಂಪನಿಯ ಗಾಜಿನ ಮೇಲೆ ಕಾಣುವ 1865, 1870ರ ತಾರೀಖುಗಳ ಕಥೆಯೂ ಅಷ್ಟೇ. ಬ್ರೂಕ್‌ಫೀಲ್ಡ್‌ನಲ್ಲಿ ಕಾಲ ತಿಳಿಯಲು ತಾರೀಖಿಗಿಂತ ವಿಳಾಸ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಅವರ ನ್ಯೂಯಾರ್ಕ್ ಕಚೇರಿ ಕ್ಲಿಫ್ ಬೀದಿ, ಫುಲ್ಟನ್ ಬೀದಿ ಎಂದು ಜಾಗ ಬದಲಿಸಿದ ಹಾಗೆಲ್ಲ ಗಾಜಿನ ಮೇಲಿನ ವಿಳಾಸವೂ ಬದಲಾಗಿದೆ.

ಈಗ ನೇರಳೆಗೆ ಬರೋಣ. ಕೊಳ್ಳಬೇಡಿ. 60ಕ್ಕೂ ಬೇಡ, 20ಕ್ಕೂ ಬೇಡ. ಅದನ್ನು ಬೇಡ ಎನ್ನಲು ಬೇಕಾದ ಸಾಕ್ಷಿಯನ್ನು ನೀವೇ ಬರೆದು ಕಳಿಸಿದ್ದೀರಿ: 25-46, ಎರಡು ಚುಕ್ಕೆ. ಓವೆನ್ಸ್-ಇಲಿನಾಯ್ ಕಾಲದ ಹೆಮಿಂಗ್ರೇಗಳಲ್ಲಿ ಮೊದಲ ಅಂಕಿ ಅಚ್ಚಿನ ಸಂಖ್ಯೆ, ಎರಡನೆಯದು ಆ ಅಚ್ಚು ತಯಾರಾದ ವರ್ಷ, ಪಕ್ಕದ ಒಂದೊಂದು ಚುಕ್ಕೆಯೂ ಮುಂದಿನ ಒಂದೊಂದು ವರ್ಷ. ಅಂದರೆ 25ನೇ ಅಚ್ಚು, 1946ರದು, ಗಾಜು 1948ರದು.

ಇನ್ನು ಗಾಜಿಗೆ ನೇರಳೆ ಬಣ್ಣ ಬರುವುದು ಹೇಗೆಂದು ನೋಡಿ. ಮರಳಿನಲ್ಲಿ ಕಬ್ಬಿಣದ ಅಂಶ ಇದ್ದೇ ಇರುತ್ತದೆ, ಅದರಿಂದ ಗಾಜು ಹಸಿರು-ನೀಲಿ ಆಗುತ್ತದೆ. ನಿಮ್ಮ 42ರ ಬಣ್ಣವೂ ಅದೇ. ಬಣ್ಣವಿಲ್ಲದ ಗಾಜು ಬೇಕಾದವರು ಹಿಂದೆ ಮ್ಯಾಂಗನೀಸ್ ಬೆರೆಸಿ ಆ ಹಸಿರನ್ನು ಕೊಲ್ಲುತ್ತಿದ್ದರು. ಆದರೆ ಮ್ಯಾಂಗನೀಸ್ ಇರುವ ಗಾಜು ವರ್ಷಾನುಗಟ್ಟಲೆ ಬಿಸಿಲಲ್ಲಿ ನಿಂತರೆ ಅದರ ನೇರಳಾತೀತ ಕಿರಣಕ್ಕೆ ನಿಧಾನವಾಗಿ ನೇರಳೆಯಾಗುತ್ತದೆ. ಡೆನ್ವರ್‌ನ ವೆಸ್ಟರ್ನ್ ಗ್ಲಾಸ್, ಲಾಂಗ್ ಬೀಚ್‌ನಲ್ಲಿ 1912ರಿಂದ 1916ರವರೆಗೆ ನಡೆದ ಕ್ಯಾಲಿಫೋರ್ನಿಯಾ ಕಂಪನಿ, ಇವರ ಇನ್ಸುಲೇಟರ್‌ಗಳ ಚಂದದ ನೇರಳೆ ಹೀಗೆ ಕಂಬದ ಮೇಲೇ ಮಾಗಿದ್ದು. ಮೊದಲನೇ ಮಹಾಯುದ್ಧದ ಆಸುಪಾಸಿನಿಂದ ಹೆಚ್ಚಿನ ಗಾಜಿನ ಕಾರ್ಖಾನೆಗಳು ಮ್ಯಾಂಗನೀಸ್ ಬಿಟ್ಟು ಬೇರೆ ರಾಸಾಯನಿಕಕ್ಕೆ ಹೊರಳಿದವು. ಹೀಗಿರುವಾಗ 1948ರ ಹೆಮಿಂಗ್ರೇ-42 ಬದನೆಕಾಯಿಯ ಹಾಗೆ ಕಡು ನೇರಳೆಯಾಗಿ ಕೂತಿದೆ ಎಂದರೆ, ಅದು ಬಣ್ಣ ಪಡೆದದ್ದು ಕಂಬದ ಮೇಲಲ್ಲ. ಸಾದಾ ಗಾಜನ್ನು ವಿಕಿರಣಕ್ಕೆ ಒಡ್ಡಿ ಕೆಲವು ತಾಸಿನಲ್ಲೇ ನೇರಳೆ, ಕಂದು, ಹೊಗೆ ಬಣ್ಣ ಬರಿಸುವ ದಂಧೆ ಬಹಳ ಕಾಲದಿಂದ ಇದೆ. ಮಾರುವವರು ಮೋಸಗಾರರು ಅನ್ನುತ್ತಿಲ್ಲ. ಅವರೂ ಎಲ್ಲೋ ನಂಬಿ ಕೊಂಡಿರಬಹುದು.

ಇನ್ನೊಂದು ಅಗ್ಗದ ಮೋಸವಿದೆ, ಮೇಲೆ ಬಣ್ಣ ಬಳಿಯುವುದು. ಥ್ರೆಡ್‌ಗಳ ಸಂದಿಯಲ್ಲಿ ಬಣ್ಣ ಗಟ್ಟಿಯಾಗಿ ನಿಂತಿರುತ್ತದೆ, ಚಕ್ಕೆ ಎದ್ದ ಕಡೆ ಒಳಗಿನ ಗಾಜು ಬೇರೆ ಬಣ್ಣ ತೋರಿಸುತ್ತದೆ. ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿ ತಾಗಿಸಿದರೆ ಗುಟ್ಟು ರಟ್ಟಾಗುತ್ತದೆ. ವಿಕಿರಣದ್ದನ್ನು ಹಾಗೆ ಹಿಡಿಯಲಾಗದು. ಅದಕ್ಕೆ ಇರುವ ಗಟ್ಟಿ ದಾರಿ ಒಂದೇ: ಯಾವ ಆಕಾರದಲ್ಲಿ, ಯಾವ ಬರಹದ ಜೊತೆ, ಯಾವ ಬಣ್ಣಗಳು ನಿಜವಾಗಿ ಬಂದಿವೆ ಎಂಬ ಪಟ್ಟಿ ನೋಡುವುದು. ಎನ್.ಆರ್. ವುಡ್‌ವರ್ಡ್ ಎಂಬ ಸಂಗ್ರಾಹಕರು ಪ್ರತಿ ಆಕಾರಕ್ಕೂ ಒಂದು ಸಂಖ್ಯೆ ಕೊಟ್ಟು ಇಡೀ ಹವ್ಯಾಸಕ್ಕೆ ಬೆನ್ನೆಲುಬು ಹಾಕಿಕೊಟ್ಟರು. ಅದೇ ಸಿ.ಡಿ. ಸಂಖ್ಯೆ. ನಿಮ್ಮ 42 ಸಿ.ಡಿ. 154. ಟೆಲಿಫೋನ್ ತಂತಿಗೆ ಬಳಸುತ್ತಿದ್ದ ಗಿಡ್ಡನೆಯ ಹೆಮಿಂಗ್ರೇ-9 ಸಿ.ಡಿ. 106. ಜೇನುಗೂಡಿನ ಆಕಾರದ್ದು ಸಿ.ಡಿ. 145. ಥ್ರೆಡ್ ಇಲ್ಲದವಕ್ಕೆಲ್ಲ 700ರ ಮೇಲಿನ ಸಂಖ್ಯೆ. ಇದು ಬಂದರೆ ಅರ್ಧ ಭಾಷೆ ಬಂದ ಹಾಗೆ. ನ್ಯಾಷನಲ್ ಇನ್ಸುಲೇಟರ್ ಅಸೋಸಿಯೇಷನ್ ಎಂಬ ಸಂಗ್ರಾಹಕರ ಸಂಘವೇ ಇದೆ, ಊರೂರಲ್ಲಿ ಮೇಳಗಳು ನಡೆಯುತ್ತವೆ. ಮಗನನ್ನು ಒಮ್ಮೆ ಮೇಳಕ್ಕೆ ಕರೆದೊಯ್ಯಿರಿ. ಅಲ್ಲಿನ ಹಿರಿಯರು ಮಕ್ಕಳ ಕೈ ಖಾಲಿ ಕಳಿಸುವುದಿಲ್ಲ.

ನೇರಳೆ ಬೇಕೇ ಬೇಕು ಎಂದರೆ ಕೆನಡಾದ ಗಾಜು ಹುಡುಕಿ. ವಜ್ರದಾಕಾರದ ಗುರುತು ಒತ್ತಿದ ಪುಟ್ಟ ಇನ್ಸುಲೇಟರ್‌ಗಳು ಅಪ್ಪಟ ನೇರಳೆಯಲ್ಲೇ ಸಾಕಷ್ಟು ಬಂದಿವೆ, ಬೆಲೆಯೂ ಹದವಾಗಿದೆ.

ಬಣ್ಣದ ವಿಷಯಕ್ಕೆ ಇನ್ನೊಂದೆರಡು ಮಾತು. ತಿಳಿ ನೀಲಿ, ತಿಳಿ ಹಸಿರು, ಬಣ್ಣವಿಲ್ಲದ ಗಾಜು ಎಲ್ಲೆಡೆ ಸಿಗುತ್ತವೆ. ಕೊಬಾಲ್ಟ್‌ನ ಕಡು ನೀಲಿ, ಜೇನಿನ ಕಂದು, ಎಲೆ ಹಸಿರು ಕಂಡರೆ ನಿಲ್ಲಿ. ಹೆಮಿಂಗ್ರೇ-19 ಎಂಬ ಆಕಾರ ಕೊಬಾಲ್ಟ್‌ನಲ್ಲಿ ಸಿಕ್ಕರೆ ಅದು ಸಂಗ್ರಾಹಕರ ಎದೆ ಹೊಡೆದುಕೊಳ್ಳುವಂತೆ ಮಾಡುವ ತುಂಡು. ಎರಡು ಬಣ್ಣ ಸೇರಿಕೊಂಡದ್ದು, ಒಳಗೆ ಹಾಲಿನ ಅಥವಾ ಜೇನಿನ ಎಳೆ ಸುತ್ತಿಕೊಂಡದ್ದು, ಗಾಜಿನೊಳಗೆ ಮೊಳೆಯೋ ಕಲ್ಲೋ ಸಿಕ್ಕಿಹಾಕಿಕೊಂಡದ್ದು, ಇವೂ ಬೆಲೆ ಹೆಚ್ಚಿಸುತ್ತವೆ. ಕಾರ್ಖಾನೆಯಲ್ಲಿ ಇವು ಕೊರತೆ ಎನಿಸಿಕೊಂಡಿದ್ದವು, ಇವತ್ತು ಅದೇ ಹಿರಿಮೆ. ಕೆಲವು ಹಳೇ ಗಾಜು ನೋಡಲು ಇದ್ದಿಲಿನ ಹಾಗೆ ಕಪ್ಪು. ಟೇಬಲ್ ಮೇಲಿಟ್ಟಾಗ ಯಾರೂ ಮುಟ್ಟುವುದಿಲ್ಲ. ತಳದಿಂದ ಟಾರ್ಚ್ ಬಿಟ್ಟರೆ ಆಲಿವ್, ಕಂದು, ನೇರಳೆ ಹೊರಬರುತ್ತದೆ. ಅದಕ್ಕೇ ಜೇಬಿನಲ್ಲಿ ಸಣ್ಣ ಎಲ್‌ಇಡಿ ಟಾರ್ಚ್ ಇರಲಿ. ಇದೊಂದೇ ಉಪಕರಣ, ಮಿಕ್ಕದ್ದೆಲ್ಲ ಆಡಂಬರ. ಕಾರಿನ ಡಿಕ್ಕಿಯಲ್ಲಿ ಹಳೇ ಪೇಪರ್, ಒಂದು ಬಾಟಲಿ ನೀರು, ಒಂದು ಚಿಂದಿ ಬಟ್ಟೆ ಇದ್ದರೆ ಮುಗಿಯಿತು.

ಚಕ್ಕೆ ಎದ್ದಿದೆಯೇ ಎಂದು ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ. ತಳದ ಅಂಚಿನ ಸುತ್ತ ಬೆರಳ ತುದಿ ಒಂದು ಸುತ್ತು ಬರಲಿ, ಹುಷಾರಾಗಿ. ಮೊನೆಗಳು ಮುರಿದಿವೆಯೇ, ನೆತ್ತಿಯಲ್ಲಿ ಕಲ್ಲೇಟಿನ ಗುರುತಿದೆಯೇ ನೋಡಿ. ಕಂಬದ ಮೇಲಿನ ಇನ್ಸುಲೇಟರ್‌ಗೆ ಗುರಿಯಿಟ್ಟು ಗುಂಡು ಹೊಡೆಯುವುದು ಹಳ್ಳಿಗಾಡಿನ ಹುಡುಗರ ಮೆಚ್ಚಿನ ಆಟವಾಗಿತ್ತು. ಸಾಮಾನ್ಯ ತುಂಡಿನಲ್ಲಿ ಚಕ್ಕೆ ಎದ್ದಿದ್ದರೆ ಅದಕ್ಕೆ ಬೆಲೆಯೇ ಇಲ್ಲ. ಅಪರೂಪದ್ದರಲ್ಲಿ ಬೆಲೆ ಕುಗ್ಗುತ್ತದೆ, ಆದರೆ ಅದನ್ನು ಬಿಟ್ಟುಬರಬೇಡಿ. ಒಂದು ವಿಷಯ ನನ್ನ ಹೊಟ್ಟೆ ಉರಿಸುತ್ತದೆ: ನೆತ್ತಿ ಕೊರೆದು ವೈರು ತೂರಿಸಿ ಅಡುಗೆಮನೆಯ ತೂಗುದೀಪ ಮಾಡಿರುವುದು. ನೋಡಲು ಚಂದ, ಆದರೆ ಸಂಗ್ರಹಕ್ಕೆ ಅದು ಸತ್ತ ಹಾಗೆ. ದೀಪದ ಅಂಗಡಿಗಳಲ್ಲಿ ಹೊಸದಾಗಿ ಎರಕ ಹೊಯ್ದ ನಕಲುಗಳೂ ಸಿಗುತ್ತವೆ. ಅವುಗಳ ಗಾಜು ತೀರಾ ಶುಚಿ, ಸವೆತ ಎಲ್ಲೂ ಇಲ್ಲ.

ಹುಡುಕುವುದು ಹೇಗೆ ಎಂದು ಕೇಳಿದ್ದೀರಿ. ಟೇಬಲ್ ಮೇಲೆ ಸಾಲಾಗಿ ಜೋಡಿಸಿಟ್ಟ ಇನ್ಸುಲೇಟರ್‌ಗಳಲ್ಲಿ ಅಚ್ಚರಿ ಸಿಗುವುದು ಕಡಿಮೆ. ಅವನ್ನು ಮನೆಯವರು ಆಗಲೇ ಫೋನಿನಲ್ಲಿ ಹುಡುಕಿ ನೋಡಿರುತ್ತಾರೆ. ನನ್ನ ಕಣ್ಣು ಹೋಗುವುದು ಮಾರಾಟಕ್ಕೆ ಇಡದ ಕಡೆಗೆ: ಗ್ಯಾರೇಜ್‌ನ ಕಿಟಕಿ ಕಟ್ಟೆ, ನಟ್ಟು-ಬೋಲ್ಟಿನ ಕಾಫಿ ಡಬ್ಬಗಳ ಹಿಂದಿನ ಅಟ್ಟ, ಗೋಡೆಗೆ ಒರಗಿಸಿದ ಹಳೇ ಕಂಬದ ಅಡ್ಡಪಟ್ಟಿ, ಹೂವಿನ ಪಾತಿಯ ಅಂಚು. ಇಲ್ಲಿನ ಅಜ್ಜಿಯರು ಪಾತಿಯ ಸುತ್ತ ಇನ್ಸುಲೇಟರ್‌ಗಳನ್ನು ಮಣ್ಣಿಗೆ ಊರಿ ಬೇಲಿ ಮಾಡುತ್ತಿದ್ದರು. ಮಣ್ಣಿನ ಮೇಲೆ ಎರಡು ಇಂಚು ನೀಲಿ ನೆತ್ತಿ ಕಂಡರೆ ಕೇಳಿಬಿಡಿ, ಕೇಳದೆ ಮುಟ್ಟಬೇಡಿ.

ಕೇಳಬೇಕಾದ ಪ್ರಶ್ನೆ ಎರಡೇ. ಇಂಥವು ಇನ್ನೂ ಇವೆಯೇ? ಮನೆಯಲ್ಲಿ ರೈಲ್ವೆಯಲ್ಲೋ ಫೋನ್ ಕಂಪನಿಯಲ್ಲೋ ದುಡಿದವರು ಯಾರಾದರೂ ಇದ್ದರೇ? ಎರಡನೆಯದಕ್ಕೆ ಹೌದು ಎಂದರೆ ಕುರ್ಚಿ ಎಳೆದು ಕೂತುಬಿಡಿ. ಹಳಿ ಪಕ್ಕದ ತಂತಿ ಸಾಲುಗಳನ್ನು ಕಿತ್ತುಹಾಕುವಾಗ ಲೈನ್‌ಮನ್‌ಗಳು ಚಂದ ಕಂಡದ್ದನ್ನು ಊಟದ ಡಬ್ಬಿಯಲ್ಲಿ ಮನೆಗೆ ತಂದಿದ್ದಾರೆ. ಅವರ ಮಕ್ಕಳು, ಸೊಸೆಯಂದಿರು ಈಗ ಮನೆ ಖಾಲಿ ಮಾಡುತ್ತಿದ್ದಾರೆ. ‘ನೆಲಮಾಳಿಗೆಯಲ್ಲಿ ಮಾವನವರ ಒಂದು ಪೆಟ್ಟಿಗೆ ಇದೆ, ಅದನ್ನು ಯಾರು ಕೇಳುತ್ತಾರೆ ಅಂತ ಹೊರಗೆ ತಂದಿಲ್ಲ’ ಎಂಬ ಮಾತು ಕಿವಿಗೆ ಬಿತ್ತೆಂದರೆ ಆ ದಿನ ಸಾರ್ಥಕ. ಹೀಗಾಗಿ ಹೊಸ ಬಡಾವಣೆಗಳ ಸೇಲ್‌ಗಳಿಗಿಂತ ಹಳಿ ಹಾದುಹೋದ ಸಣ್ಣ ಊರುಗಳು ಮೇಲು. ಹಿರಿಯರು ತೀರಿಕೊಂಡ ಮೇಲೆ ಇಡೀ ಮನೆಯ ಸಾಮಾನು ಮಾರುವ ಎಸ್ಟೇಟ್ ಸೇಲ್ ಗ್ಯಾರೇಜ್ ಸೇಲ್‌ಗಿಂತ ಮೇಲು, ಆದರೆ ಅಲ್ಲಿ ಬೆಲೆ ಬಲ್ಲವರು ಇರುತ್ತಾರೆ.

ವರ್ಷಕ್ಕೆ ಎರಡು ಸಲ ನಿಮ್ಮ ಕಡೆ ಜಾತ್ರೆಯೇ ನೆರೆಯುತ್ತದೆ. ಮೇ ಕೊನೆ, ಜೂನ್ ಮೊದಲಿನ ಹೊತ್ತಿಗೆ ಹಳೇ ನ್ಯಾಷನಲ್ ರೋಡ್ ಉದ್ದಕ್ಕೂ, ಅಂದರೆ ನಿಮ್ಮೂರಿನ ಮೂಲಕವೇ ಹಾಯುವ 40ನೇ ಹೆದ್ದಾರಿಯಲ್ಲಿ, ಮನೆಮನೆಯೂ ಅಂಗಳಕ್ಕೆ ಸಾಮಾನು ಇಳಿಸುತ್ತದೆ. ಆಗಸ್ಟ್ ಮೊದಲ ವಾರ 127ನೇ ಹೆದ್ದಾರಿಯ ಸೇಲ್ ಮಿಷಿಗನ್‌ನಿಂದ ಅಲಬಾಮಾವರೆಗೆ ನಡೆಯುತ್ತದೆ, 1987ರಿಂದ ಬಂದ ಪದ್ಧತಿ. ಆ ದಾರಿ ಸಿನ್ಸಿನಾಟಿ ದಾಟಿ ಹೆಮಿಂಗ್ರೇ ಬೆಳೆದ ಕವಿಂಗ್ಟನ್ ಮೂಲಕವೇ ಹೋಗುತ್ತದೆ. ನನಗೆ ಕೇಳಿದರೆ ಪೇಟೆಯ ಗದ್ದಲ ಬಿಟ್ಟು ಓಹಾಯೋದ ಹಳ್ಳಿಗಳ ತುಂಡನ್ನು ಆರಿಸಿಕೊಳ್ಳಿ.

ಚೌಕಾಸಿ ನಮಗೆ ಹೇಳಿಕೊಡಬೇಕಿಲ್ಲ. ಒಂದು ಡಾಲರ್ ಮಾಲಿಗೆ ಜಗ್ಗಾಡಿ ಮನೆಯವರ ಮುಖ ಕೆಡಿಸಿದರೆ ಒಳಗಿನ ಪೆಟ್ಟಿಗೆ ಹೊರಗೆ ಬರುವುದಿಲ್ಲ ಎಂಬುದಷ್ಟೇ ನೆನಪಿರಲಿ. ಸಾಮಾನ್ಯವಾದ ನಾಲ್ಕು ಒಟ್ಟಿಗೆ ತೆಗೆದುಕೊಂಡು ‘ಎಲ್ಲಾ ಸೇರಿ ಎಷ್ಟು’ ಎಂದು ಕೇಳಿ. ಇನ್ನು ತಿಳಿಯದೆ 2 ಡಾಲರ್ ಹೇಳಿದ ತುಂಡು 300 ಬಾಳುತ್ತದೆಂದು ನಿಮಗೆ ಗೊತ್ತಿದ್ದರೆ? ಚೀಟಿ ಅಂಟಿಸಿದವರು ಅವರು, ಕೊಳ್ಳುವುದು ನಿಮ್ಮ ಹಕ್ಕು ಎನ್ನುವವರೇ ಹೆಚ್ಚು. ವ್ಯಾಪಾರಿಯಿಂದಾದರೆ ನಾನೂ ಹಾಗೆಯೇ ಕೊಳ್ಳುತ್ತೇನೆ. ಗಂಡನ ಸಾಮಾನು ಮಾರುತ್ತಿರುವ ಮುದುಕಿಯಾದರೆ ಬೆಲೆ ಹೇಳಿ, ಅರ್ಧ ಕೊಟ್ಟು ಕೊಳ್ಳುತ್ತೇನೆ. ಹಾಗೆ ಮಾಡಿದ ಮನೆಗಳಿಂದ ಆಮೇಲೆ ಫೋನ್ ಬಂದದ್ದಿದೆ. ಬೆಲೆ ನೋಡುವಾಗ ಇಬೇಯಲ್ಲಿ ಜನ ಕೇಳುತ್ತಿರುವ ರೇಟು ನಂಬಬೇಡಿ. ನಿಜವಾಗಿ ಮಾರಾಟವಾದ ರೇಟನ್ನು ಬೇರೆಯಾಗಿ ತೋರಿಸುತ್ತಾರೆ, ಅದನ್ನು ನೋಡಿ. ಹೆಮಿಂಗ್ರೇ-42ಕ್ಕೆ 80 ಡಾಲರ್ ಕೇಳುವ ಮಹಾನುಭಾವರಿಗೆ ಅಲ್ಲಿ ಬರವಿಲ್ಲ.

ತೊಳೆಯುವ ಬಗ್ಗೆ: ಮಣ್ಣಿಗೆ ಪಾತ್ರೆ ಸೋಪು, ಉಗುರುಬೆಚ್ಚಗಿನ ನೀರು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ರೈಲ್ವೆ ಸಾಲಿನದಾದರೆ ಉಗಿಬಂಡಿಯ ಮಸಿ ಗಾಜಿಗೆ ಕಚ್ಚಿಕೊಂಡಿರುತ್ತದೆ, ಸೋಪಿಗೆ ಬಗ್ಗುವುದಿಲ್ಲ. ಅದಕ್ಕೆ ಆಕ್ಸಾಲಿಕ್ ಆಸಿಡ್ ಪುಡಿಯನ್ನು ನೀರಿಗೆ ಬೆರೆಸಿ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಒಂದೆರಡು ದಿನ ನೆನೆಹಾಕುತ್ತಾರೆ. ಅದು ವಿಷ. ಕೈಗವಸು ಹಾಕಿ, ಬ್ಲೀಚ್ ಜೊತೆ ಸೇರಿಸಬೇಡಿ, ಈ ಕೆಲಸಕ್ಕೆ ಮಗನನ್ನು ಹತ್ತಿರ ಬಿಡಬೇಡಿ. ಬಿಸಿ ನೀರಿನಿಂದ ತೆಗೆದು ತಣ್ಣೀರಿಗೆ ಹಾಕಿದರೆ ನೂರು ವರ್ಷ ಬದುಕಿದ ಗಾಜು ನಿಮ್ಮ ಸಿಂಕಿನಲ್ಲಿ ಸೀಳುತ್ತದೆ. ಡಿಶ್‌ವಾಷರ್ ಅಂತೂ ಬೇಡವೇ ಬೇಡ. ಕಾರ್ನಿಂಗ್ ಕಂಪನಿಯ ಪೈರೆಕ್ಸ್ ಇನ್ಸುಲೇಟರ್‌ಗಳ ಮೇಲೆ ಎಣ್ಣೆ ಚೆಲ್ಲಿದ ನೀರಿನಂಥ ಕಾಮನಬಿಲ್ಲಿನ ಹೊಳಪು ಇರುತ್ತದೆ. ಅದು ಮೇಲ್ಪದರ, ಉಜ್ಜಿದರೆ ಹೋಯಿತು.

ಹಳಿ ಪಕ್ಕದಲ್ಲಿ ಇನ್ನೂ ಕೆಲವು ಕಡೆ ಬೋಳು ಕಂಬಗಳ ಮೇಲೆ ಗಾಜು ಉಳಿದಿರುವುದು ನಿಮ್ಮ ಕಣ್ಣಿಗೆ ಬೀಳುತ್ತದೆ. ಹತ್ತಬೇಡಿ, ಕೆಳಗೆ ಬಿದ್ದದ್ದನ್ನೂ ಆರಿಸಬೇಡಿ. ಅದು ರೈಲ್ವೆಯ ಜಾಗ, ಒಳಗೆ ಕಾಲಿಡುವುದೇ ಅಪರಾಧ. ಪಾಳು ಬಿದ್ದಂತೆ ಕಾಣುವ ತಂತಿಯಲ್ಲಿ ಸಿಗ್ನಲ್ಲಿನ ಕರೆಂಟು ಇರಬಹುದು, ಮರ ಕೊಳೆತಿರಬಹುದು. ವೀಸಾ ಮೇಲಿರುವವರು ಎರಡು ಡಾಲರ್ ಗಾಜಿಗಾಗಿ ಪೊಲೀಸ್ ದಾಖಲೆ ಮಾಡಿಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ತಾತನಿಗೆ ಒಯ್ಯುವ ವಿಚಾರ ಚೆನ್ನಾಗಿದೆ, ಅವರಿಗೆ ಇದು ಹೊಸದಾಗಿ ಕಾಣುತ್ತದೆ. ನಮ್ಮ ಕಡೆ ರೈಲಿನ ಕಿಟಕಿಯಿಂದ ಕಂಡ ತಂತಿ ಕಂಬಗಳ ಮೇಲೆ ಇದ್ದದ್ದು ಬಿಳಿ ಪಿಂಗಾಣಿಯ ಬಟ್ಟಲುಗಳು, ಬ್ರಿಟಿಷರ ಪದ್ಧತಿ ಅದು. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಪಿಂಗಾಣಿ ಕಾರ್ಖಾನೆಯೇ ಇತ್ತು, ಮುಂದೆ ಅದು ಬಿಎಚ್‌ಇಎಲ್‌ಗೆ ಸೇರಿತು. ಅಮೆರಿಕದವರು ಟೆಲಿಗ್ರಾಫ್, ಟೆಲಿಫೋನ್ ತಂತಿಗೆ ಅಗ್ಗದಲ್ಲಿ ಅಚ್ಚೊತ್ತಬಹುದಾದ ಗಾಜನ್ನೇ ಹಿಡಿದರು, ದೊಡ್ಡ ವಿದ್ಯುತ್ ಲೈನ್‌ಗಳಿಗೆ ಮಾತ್ರ ಹೆಚ್ಚಾಗಿ ಪಿಂಗಾಣಿ. ಒಂದು ನೀಲಿ 42, ಒಂದು ಪುಟ್ಟ ಹೆಮಿಂಗ್ರೇ-9 ಸಾಕು. ತೂತಿನೊಳಗೆ ಕಾಲುಚೀಲ ತುರುಕಿ, ಒಂದೊಂದನ್ನೂ ಬೇರೆ ಬೇರೆ ಟವೆಲ್‌ನಲ್ಲಿ ಸುತ್ತಿ, ಸೂಟ್‌ಕೇಸಿನ ನಟ್ಟನಡುವೆ ಬಟ್ಟೆಗಳ ಮಧ್ಯೆ ಇಡಿ. ಕೈಚೀಲದಲ್ಲಿ ಬೇಡ. ಎಕ್ಸ್‌ರೇಯಲ್ಲಿ ಅರ್ಧ ಕಿಲೋದ ಗಾಜಿನ ಗುಂಡು ಕಂಡರೆ ಚೀಲ ಬಿಚ್ಚಿಸದೆ ಬಿಡುವುದಿಲ್ಲ, ಆ ಸಾಲಿನಲ್ಲಿ ನಿಂತು ಟೆಲಿಗ್ರಾಫ್ ಇತಿಹಾಸ ವಿವರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ.